ಮೂರು ಮಿಲ್ಲಿಗೆ ಒಂದು ಚೀಟಿ

ವಿಶಾಖಾಳ ಬಗ್ಗೆ ಯಾರಾದರೂ ಬರೆಯಬೇಕಿತ್ತು. ಬರೆಯುವವರು ಯಾರೂ ಸಿಗಲಿಲ್ಲ, ಅದಕ್ಕೇ ನಾನು ಕೂತಿದ್ದೇನೆ. ನನ್ನ ಹೆಸರು ಜಹೀರುದ್ದೀನ್. ರಾಯಚೂರಿನ ಸ್ಟೇಷನ್ ರಸ್ತೆಯ ಒಳಗಲ್ಲಿಯಲ್ಲಿ ನನ್ನ ಪ್ಯಾನೆಲ್ ಬೋರ್ಡಿನ ಅಂಗಡಿ. ಅಕ್ಕಿ ಮಿಲ್ಲು, ಹತ್ತಿ ಮಿಲ್ಲುಗಳಲ್ಲಿ ಮೋಟರುಗಳನ್ನು ಚಾಲೂ ಮಾಡುವ, ಬಂದ್ ಮಾಡುವ ದೊಡ್ಡ ಕಬ್ಬಿಣದ ಪೆಟ್ಟಿಗೆಗಳಿರುತ್ತವಲ್ಲ, ಅವನ್ನು ಕಟ್ಟುವುದು, ಕೆಟ್ಟರೆ ರಿಪೇರಿ ಮಾಡುವುದು ಮೂವತ್ತು ವರ್ಷದಿಂದ ನನ್ನ ಕೆಲಸ. ಓದಿದ್ದು ಕನ್ನಡ ಶಾಲೆ, ಆಮೇಲೆ ಐಟಿಐ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಓದುವಾಗ ಅಲ್ಲಲ್ಲಿ ದನಿ ಏರಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಿಶಾಖಾ ಮಾನ್ವಿಯವಳು. ಅವಳ ತಾಯಿ ಮಾನಮ್ಮ ಮಾನ್ವಿಯಲ್ಲಿ ಪ್ರಭುರಾಜ ಸಾಹುಕಾರರ ಅಕ್ಕಿ ಮಿಲ್ಲಿನಲ್ಲಿ ನೆಲ್ಲು ಬಳಿಯುವ, ಒಲೆಗೆ ಹೊಟ್ಟು ತುಂಬುವ ಹೆಂಗಸರ ಗುಂಪಿಗೆ ಮುಂದಾಳು. ಮಗಳು ಯರಗೇರಾದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಎರಡು ಬಸ್ಸು ಬದಲಿಸಿ ಓಡಾಡಿ ಎಂ.ಎಸ್ಸಿ. ಕಂಪ್ಯೂಟರ್ ಮುಗಿಸಿದಳು. ಒಂದು ದಿನ ಹೆಗಲಿಗೆ ಚೀಲ ಹಾಕಿಕೊಂಡು ನನ್ನ ಅಂಗಡಿ ಮುಂದೆ ನಿಂತಳು. ಫ್ಯಾನ್ ರಿಪೇರಿಗೆ ಬಂದವಳಿರಬೇಕೆಂದು ನಾನು ತಲೆ ಎತ್ತಲಿಲ್ಲ.

"ಚಾಚಾ, ಈ ಪೆಟಿಗಿಗೆ ಏನು ಮಾಡಬೇಕಂತ ಹ್ಯಾಂಗ ಹೇಳ್ತೀರಿ?" ಎಂದಳು.

"ಹ್ಯಾಂಗಂದ್ರ? ವೈರ್ ಹಚ್ಚಿ ಹೇಳ್ತೀನಿ. ಒಳಗೊಂದು ಸಣ್ಣ ಮಷೀನು ಇರ್ತದ, ಅದಕ್ಕ ಲ್ಯಾಪ್‌ಟಾಪ್‌ನಾಗ ಗೆರಿ ಎಳದು ಹೇಳ್ತೀನಿ."

"ಆ ಗೆರಿ ಮಿಸ್ತ್ರಿಗೆ ತಿಳೀತದೇನು?"

"ಮಿಸ್ತ್ರಿಗೆ ಯಾಕ ತಿಳೀಬೇಕು ಬೇ? ನನಗ ತಿಳದ್ರ ಸಾಕು" ಎಂದು ಗದರಿದೆ. ಅವಳು ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತಳು. ಆವತ್ತು ಕೂತವಳು ಒಂದೂವರೆ ವರ್ಷ ಕೂತಳು.

ಮಿಸ್ತ್ರಿಗೆ ಯಾಕೆ ತಿಳಿಯಬೇಕು ಎಂಬುದನ್ನು ಹೇಳಬೇಕಾದರೆ ಸಾಹುಕಾರರ ತಲೆನೋವು ಹೇಳಬೇಕು. ಅವರಿಗೆ ಮೂರು ಮಿಲ್ಲು. ಮಾನ್ವಿಯದು ಹಳೆಯದು, ದೇವದುರ್ಗದ್ದು ಆರೇಳು ವರ್ಷದ್ದು, ರಾಯಚೂರಿನದು ಹೊಚ್ಚ ಹೊಸದು. ಮೂರರಲ್ಲೂ ಸ್ಟೀಮ್ ಅಕ್ಕಿ. ನೆಲ್ಲನ್ನು ಬಿಸಿನೀರಿನ ತೊಟ್ಟಿಯಲ್ಲಿ ನೆನೆಹಾಕಬೇಕು, ಹಬೆ ಬಿಡಬೇಕು, ಒಣಗಿಸಬೇಕು. ನೆನೆದದ್ದು ಹೆಚ್ಚಾದರೆ ಹುಳಿ ವಾಸನೆ ಬರುತ್ತದೆ, ಒಣಗಿದ್ದು ಹೆಚ್ಚಾದರೆ ನುಚ್ಚಾಗುತ್ತದೆ. ಮೂರೂ ಕಡೆ ನೆಲ್ಲು ಅದೇ, ಅಕ್ಕಿ ಮಾತ್ರ ಬೇರೆ ಬೇರೆ. ಚಲೋ ಅಕ್ಕಿ ಬರುತ್ತಿದ್ದುದು ಮಾನ್ವಿಯಲ್ಲಿ ಮಾತ್ರ, ಅದೂ ಯಮನೂರಪ್ಪನ ಕೈಗುಣದಿಂದ. ಯಮನೂರಪ್ಪ ಗಬ್ಬೂರಿನವನು, ಕುರಿಯವರ ಮನೆತನ, ಮೂವತ್ತು ವರ್ಷದಿಂದ ಮಿಲ್ಲಿನ ಮಿಸ್ತ್ರಿ. ಕಾಳನ್ನು ಹಲ್ಲಿಗೆ ಹಾಕಿ ಕಡಿಯುತ್ತಾನೆ. ಕಟ್ ಅಂದರೆ ಒಣಗಿದೆ, ಮೆತ್ತಗಾದರೆ ಇನ್ನೂ ಇಲ್ಲ. ಅಷ್ಟೇ ಅವನ ವಿದ್ಯೆ. ಅದನ್ನು ಕಾಗದದ ಚೂರಿನ ಮೇಲೆ ಬರೆದು ಉಳಿದ ಎರಡು ಮಿಲ್ಲಿಗೆ ಕಳಿಸುತ್ತಿದ್ದ. ಅಲ್ಲಿನ ಮಿಸ್ತ್ರಿಗಳು ತಮ್ಮ ತಮ್ಮ ಯಂತ್ರಕ್ಕೆ ತಕ್ಕಂತೆ ಏನೇನೋ ಅರ್ಥ ಮಾಡಿಕೊಂಡು ಹಾಳು ಮಾಡುತ್ತಿದ್ದರು.

ವಿಶಾಖಾಳ ತಲೆಗೆ ಹೊಳೆದದ್ದು ಆ ಚೀಟಿ. ಯಮನೂರಪ್ಪ ತನ್ನ ಮಾತಿನಲ್ಲೇ ಚೀಟಿ ಬರೆಯಬೇಕು, ಮೂರು ಮಿಲ್ಲಿನ ಪೆಟ್ಟಿಗೆಗಳೂ ಅದೇ ಚೀಟಿಯ ಪ್ರಕಾರ ನಡೆಯಬೇಕು. ಅದಕ್ಕೆ ಅವಳೊಂದು ಸಣ್ಣ ಭಾಷೆ ಕಟ್ಟಿದಳು. ಮೂವತ್ತು ಮೂವತ್ತೆರಡು ಮಾತಿನ ಭಾಷೆ. ನೆನಿ ಹಾಕು, ಹಬಿ ಬಿಡು, ಒಣಗಿಸು, ನಿಲ್ಲಿಸು, ಕಾಯಿ, ಇದ್ದರ, ತನಕ, ಇಂಥವು. ಆಮೇಲೆ ಒಂದು ಕಂಪೈಲರ್. ಅಂದರೆ ದುಭಾಷಿ ಅಂತ ತಿಳಿಯಿರಿ. ಯಮನೂರಪ್ಪನ ಚೀಟಿ ಓದಿ, ಅದನ್ನು ಮಾನ್ವಿಯ ಯಂತ್ರಕ್ಕೆ ಮಾನ್ವಿಯ ಯಂತ್ರದ ಭಾಷೆಯಲ್ಲಿ, ದೇವದುರ್ಗದ್ದಕ್ಕೆ ದೇವದುರ್ಗದ್ದರಲ್ಲಿ, ರಾಯಚೂರಿನ ಕಂಪ್ಯೂಟರಿಗೆ ಅದರ ಭಾಷೆಯಲ್ಲಿ ಹೇಳುವ ದುಭಾಷಿ.

ಹೇಳಿದಷ್ಟು ಸುಲಭವಿರಲಿಲ್ಲ. ಯಾ ಅಲ್ಲಾ, ನೆನೆಸಿಕೊಂಡರೆ ಈಗಲೂ ತಲೆ ಕಾಯುತ್ತದೆ! ಮಾನ್ವಿಯ ಪೆಟ್ಟಿಗೆಗೆ ಒಂದೇ ಸಲಕ್ಕೆ ಐವತ್ನಾಲ್ಕು ನಿಮಿಷದ ಮೇಲೆ ಎಣಿಸಲು ಬರುವುದಿಲ್ಲ. ನಾಲ್ಕು ತಾಸು ನೆನೆಹಾಕು ಎಂದರೆ ಅದನ್ನು ಐದು ತುಂಡು ಮಾಡಿ ಒಂದಾದ ಮೇಲೊಂದು ಎಣಿಸಬೇಕು. ದೇವದುರ್ಗದ ಪೆಟ್ಟಿಗೆ ಶಾಖವನ್ನು ಬೇರೆ ಅಳತೆಯಲ್ಲಿ ಓದುತ್ತದೆ. ಕರೆಂಟು ಹೋಗಿ ಬಂದರೆ ಮಾನ್ವಿಯದು ಎಲ್ಲ ಮರೆತು ಮೊದಲಿನಿಂದ ಶುರು ಮಾಡುತ್ತದೆ, ದೇವದುರ್ಗದ್ದು ಬಿಟ್ಟಲ್ಲಿಂದ ಹಿಡಿಯುತ್ತದೆ, ರಾಯಚೂರಿನದಕ್ಕೆ ಬ್ಯಾಟರಿ ಇರುವುದರಿಂದ ಕರೆಂಟು ಹೋದದ್ದೇ ಗೊತ್ತಾಗುವುದಿಲ್ಲ. ಒಂದನ್ನು ಸರಿ ಮಾಡಿದರೆ ಇನ್ನೊಂದು ಮುರಿಯುತ್ತಿತ್ತು. ಸರಿ ಮಾಡಿದೆ ಎಂದು ಅವಳು ಮಾನ್ವಿ ಬಸ್ಸು ಹತ್ತಿದರೆ, ಇಳಿಯುವಷ್ಟರಲ್ಲಿ ದೇವದುರ್ಗದಿಂದ ಫೋನು. ನಾನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಎಸೆದು ಬೈದದ್ದು ಎಷ್ಟು ಸಲವೋ. ಅವಳು ಬೈಯುತ್ತಿರಲಿಲ್ಲ. ಅತ್ತದ್ದು ಒಮ್ಮೆ ಮಾತ್ರ ನೋಡಿದ್ದೇನೆ. ಯಮನೂರಪ್ಪನ "ಕಟ್" ಎಂಬುದಕ್ಕೆ ಅಳತೆ ಹುಡುಕಲು ಅವನ ಪಕ್ಕದಲ್ಲಿ ಒಂಬತ್ತು ದಿನ ತೇವ ಅಳೆಯುವ ಮೀಟರು ಹಿಡಿದು ಕೂತಿದ್ದಳು. ಅವನು ಕಡಿದ ಕಾಳಿನ ಜೊತೆಯ ಕಾಳನ್ನು ಅಳೆದು ಬರೆದುಕೊಂಡದ್ದು ನಾನೂರಕ್ಕೂ ಹೆಚ್ಚು. ಹತ್ತನೆಯ ದಿನ ಗೊತ್ತಾಯಿತು, ಮೀಟರೇ ಕೆಟ್ಟಿತ್ತು.

ಯಮನೂರಪ್ಪ ನಕ್ಕ. "ಅಳಬ್ಯಾಡ ಯವ್ವಾ, ನನ್ನ ಹಲ್ಲು ಇನ್ನಾ ಕೆಟ್ಟಿಲ್ಲ. ಮತ್ತ ಕಡೀತೀನಿ" ಎಂದು ಮೊದಲಿನಿಂದ ಶುರು ಮಾಡಿದ.

ಈಗ ನನ್ನ ಮಾತಿಗೆ ಬರುತ್ತೇನೆ. ಅವಳ ಭಾಷೆಯಲ್ಲಿ "ಕೇಳು" ಎಂಬ ಒಂದು ಮಾತಿತ್ತು. ಯಂತ್ರಕ್ಕೆ ತಾನೇ ತೀರ್ಮಾನಿಸಲಾಗದ ವಿಷಯ ಬಂದರೆ ಅದು ನಿಂತು ಮನುಷ್ಯನನ್ನು ಕೇಳಬೇಕು. ಹೂಂ ಅಂದರೆ ಮುಂದೆ, ಇಲ್ಲ ಅಂದರೆ ಬೇಡ. ರಾಯಚೂರಿನ ಕಂಪ್ಯೂಟರಿನಲ್ಲಿ ಕೇಳುವುದು ಸುಲಭ. ದೇವದುರ್ಗದ ಪೆಟ್ಟಿಗೆಗೂ ನಾಲ್ಕು ಸಾಲಿನ ಸಣ್ಣ ಪರದೆ ಇತ್ತು. ಮಾನ್ವಿಯ ಪೆಟ್ಟಿಗೆಯನ್ನು ಕಟ್ಟಿದವನು ನಾನೇ, ಅದಕ್ಕೆ ಪರದೆ ಇಲ್ಲ. ಎರಡು ದೀಪ, ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ, ಮೇಲೊಂದು ಸೈರನ್ನು.

"ಆ ಮಾತು ತೆಗಿ" ಎಂದೆ ನಾನು. "ಮಾನ್ವಿ ಪೆಟಿಗಿಗೆ ಬಾಯಿಲ್ಲ. ಅದು ಹ್ಯಾಂಗ ಕೇಳತದ?"

"ಚಾಚಾ, ಒಂದಕ್ಕ ಬರಂಗಿಲ್ಲಂತ ಭಾಷಾದಾಗಿನ ಮಾತ ತಗದ್ರ ಮೂರೂ ಮೂಕ ಆಗ್ತಾವ. ಸ್ವಲ್ಪ ತಡೀರಿ, ಏನರ ಹಾದಿ ಸಿಗತದ."

"ತಡದು ತಡದು ವರ್ಷ ಆತು! ಸಾಹುಕಾರ ಮಷೀನು ತಗೊಳ್ಳೋದು ತಾನಾಗಿ ನಡೀಲಿ ಅಂತ. ನಡಬರಕ ನಿಂತು ಇವನನ್ನ ಕೇಳು, ಅವನನ್ನ ಕೇಳು ಅಂದ್ರ ನಮ್ಮನ್ನ ಹುಚ್ಚರಂತಾನ. ತೆಗಿ ಅಂದ್ನಲ್ಲ!"

ಅವಳು ಮತ್ತೊಂದೆರಡು ದಿನ ವಾದಿಸಿದಳು. ಏನೋ ಕಾಗದ ತಂದು ತೋರಿಸಲು ನೋಡಿದಳು. ನಾನು ಮೋಟರಿನ ಗಿರಾಕಿಯ ಜೊತೆ ಜಗಳದಲ್ಲಿದ್ದೆ, ಕಣ್ಣೆತ್ತಿ ನೋಡಲಿಲ್ಲ. ಕೊನೆಗೆ ತೆಗೆದಳು.

ತೆಗೆದದ್ದರಿಂದ ಯಮನೂರಪ್ಪನ ಒಂದೇ ಒಂದು ಸಾಲು ಬದಲಾಯಿತು. ಅವನು ಬರೆದದ್ದು "ಅಮಾವಾಸಿ ಇದ್ದರ ಕೇಳು" ಎಂದು. ಅದು "ಅಮಾವಾಸಿ ಇದ್ದರ ನೆನಿ ಹಾಕಬ್ಯಾಡ" ಎಂದಾಯಿತು. ನಮ್ಮ ಕಡೆ ಮಿಲ್ಲಿನ ಹಮಾಲರಿಗೆ, ಕೂಲಿ ಹೆಂಗಸರಿಗೆ ಅಮಾವಾಸ್ಯೆ ರಜೆ. ಆ ದಿನ ಚೀಲ ಎತ್ತುವುದಿಲ್ಲ, ಒಲೆ ಹಚ್ಚುವುದಿಲ್ಲ, ಮಿಲ್ಲು ತೊಳೆದು ತೆಂಗಿನಕಾಯಿ ಒಡೆದು ಮನೆಗೆ ಹೋಗುತ್ತಾರೆ. ಮಾನಮ್ಮನ ಮನೆಯಲ್ಲಿ ಬುದ್ಧನ ಫೋಟೋ ಬಿಟ್ಟರೆ ಬೇರೆ ದೇವರಿಲ್ಲ, ಆದರೂ ಅವಳಿಗೂ ಅಮಾವಾಸ್ಯೆ ಬೇಕು. "ಪೂಜಿ ಗೀಜಿ ಏನಿಲ್ಲ ಸಾಬ್ರ. ತಿಂಗಳಿಗೊಂದ ದಿನ ಹೊತ್ತೇರೋತನ ಮಲಗತೀನಲ್ಲ, ಅದು ಯಾರು ಕೊಡ್ತಾರ?" ಎಂದು ಒಮ್ಮೆ ನನಗೆ ಹೇಳಿದ್ದಳು. ವಿಶಾಖಾ ಪಂಚಾಂಗ ನೋಡಿ ಐದು ವರ್ಷದ ಅಮಾವಾಸ್ಯೆಗಳ ಪಟ್ಟಿ ಮಾಡಿ ಕಂಪೈಲರಿಗೆ ಉಣಿಸಿದಳು. ಸೂರ್ಯ ಹುಟ್ಟುವಾಗ ಅಮಾವಾಸ್ಯೆ ಇದ್ದ ದಿನವೇ ಅಮಾವಾಸ್ಯೆ ಎಂದು ಹಿಡಿದಳು. ಮೂರು ಪೆಟ್ಟಿಗೆಗೂ ಒಂದೇ ಪಟ್ಟಿ ಹೋಯಿತು. ನಾನು ಶಹಬ್ಬಾಸ್ ಅಂದೆ.

ಅಷ್ಟರಲ್ಲಿ ಹೈದರಾಬಾದಿನ ಒಂದು ಕಂಪನಿಯವರು ಸಾಹುಕಾರರ ಬೆನ್ನು ಹತ್ತಿದ್ದರು. ಅವರದು ಬೀಗ ಹಾಕಿದ ಡಬ್ಬಿ. ಒಳಗಿನ ನಿಯಮವನ್ನು ಕಂಪನಿಯವರೇ ಬರೆಯುವುದು. ಮಿಸ್ತ್ರಿ ಮುಟ್ಟುವಂತಿಲ್ಲ, ನಾನು ಮುಟ್ಟುವಂತಿಲ್ಲ. ಸಾಹುಕಾರರು ನಮ್ಮಿಬ್ಬರನ್ನು ಕರೆಸಿದರು.

"ನೋಡ್ರಿ ಸಾಬ್ರ, ನೋಡವ್ವ. ಏಳು ದಿನ ಕೊಡ್ತೀನಿ. ಮೂರೂ ಮಿಲ್ಲು ನಿಮ್ಮ ಚೀಟಿ ಮ್ಯಾಲ ನಡೀಬೇಕು. ಪೆಟಿಗಿಗೆ ಯಾರೂ ಕೈ ಹಚ್ಚಬಾರದು, ಯಮನೂರಪ್ಪನೂ ಹಚ್ಚಬಾರದು. ಮೂರೂ ಕಡಿ ಒಂದ ನಮೂನಿ ಅಕ್ಕಿ ಬಂದ್ರ ನಿಮ್ಮದು. ಬರಲಿಲ್ಲಂದ್ರ ಡಬ್ಬಿ."

ಪಂದ್ಯ ಇಷ್ಟೇ. ಗೆದ್ದರೆ ಮಿಲ್ಲಿನ ನಿಯಮ ಮಿಸ್ತ್ರಿಯ ಕೈಯಲ್ಲಿ, ಮಿಸ್ತ್ರಿಯ ಮಾತಿನಲ್ಲಿ ಉಳಿಯುತ್ತದೆ. ಸೋತರೆ ಡಬ್ಬಿಯಲ್ಲಿ ಏನಿದೆಯೋ ಅದೇ ಕಾನೂನು. ವಿಶಾಖಾ ಹೊರಗೆ ಬಂದ ಮೇಲೆ, "ಚಾಚಾ, ಇದು ಹೋತಂದ್ರ ನಾ ಮತ್ತ ಇಂಥಾದ್ದು ಕಟ್ಟಾಕ ಆಗಂಗಿಲ್ಲ" ಎಂದಳು. ನಾನು ಬೆನ್ನು ತಟ್ಟಿದೆ.

ಆರು ದಿನ ಏನು ಚಂದ ನಡೆಯಿತೆಂದರೆ! ಸೋಮವಾರ ಬೆಳಿಗ್ಗೆ ಆರಕ್ಕೆ ಶುರು. ವಿಶಾಖಾ ಆ ವಾರ ಮನೆಗೆ ಹೋಗದೆ ರಾಯಚೂರಿನಲ್ಲೇ ಉಳಿದಳು. ದಿನಾ ಸಂಜೆ ಮೂರು ಊರಿನಿಂದ ಮೂರು ಮುಷ್ಟಿ ಅಕ್ಕಿ ನನ್ನ ಅಂಗಡಿಗೆ ಬರುತ್ತಿತ್ತು. ಕಾಗದದ ಮೇಲೆ ಹರವಿ ನೋಡುತ್ತಿದ್ದೆವು. ಯಾವುದು ಮಾನ್ವಿಯದು, ಯಾವುದು ದೇವದುರ್ಗದ್ದು ಎಂದು ಯಮನೂರಪ್ಪನಿಗೇ ಹೇಳಲಾಗಲಿಲ್ಲ. ಶನಿವಾರ ಅವನು ಮೂರನ್ನೂ ಒಂದೊಂದೇ ಕಾಳು ಕಡಿದು, "ಎಲ್ಲಾ ನಾನ ಮಾಡಿದ್ದ ಅನಸತದ" ಎಂದ. ವಿಶಾಖಾ ಬೇರೆ ಕಡೆ ಮುಖ ಮಾಡಿ ದುಪಟ್ಟಾದಿಂದ ಕಣ್ಣೊರೆಸಿಕೊಂಡಳು.

ಏಳನೆಯ ದಿನ ಭಾನುವಾರ, ನನ್ನ ಅಂಗಡಿ ಬಂದ್. ಅಮಾವಾಸ್ಯೆ ಭಾನುವಾರ ಮಧ್ಯಾಹ್ನ ಹಿಡಿದು ಸೋಮವಾರ ಮಧ್ಯಾಹ್ನ ಬಿಡುತ್ತಿತ್ತು. ನಮ್ಮ ಪಟ್ಟಿಯ ಪ್ರಕಾರ ರಜೆ ಸೋಮವಾರ. ರಾಯಚೂರಿನ ಹಮಾಲರಿಗೆ ಸೋಮವಾರ, ದೇವದುರ್ಗದವರಿಗೂ ಸೋಮವಾರ. ಆದರೆ ಮಾನ್ವಿಯಲ್ಲಿ ಸೋಮವಾರ ಲಾರಿಗಳು ಬರುವುದಿದ್ದವು. ಅಲ್ಲಿನ ಹಮಾಲರ ಹಿರಿಯ ಶನಿವಾರ ಸಂಜೆ ಬೀಡಿ ಎಳೆಯುತ್ತ, "ನಾಳೀನ ಮಾಡ್ಕೊಂಡ್ರಾತು" ಎಂದ. ಆಯಿತು. ಹಾಗೆಯೇ ಆಗುವುದು, ಯಾವಾಗಲೂ. ಪಂಚಾಂಗ ನೋಡಿ ಯಾರು ಅಮಾವಾಸ್ಯೆ ಮಾಡುತ್ತಾರೆ? ಎರಡು ದಿನ ಹರಡಿಕೊಂಡಿದ್ದರೆ ಹಿರಿಯ ಹೇಳಿದ ದಿನವೇ ಅಮಾವಾಸ್ಯೆ.

ಯಮನೂರಪ್ಪನೂ ಆ ಮಾತು ಕೇಳಿ ಶನಿವಾರ ರಾತ್ರಿ ಗಬ್ಬೂರಿನ ಬಸ್ಸು ಹತ್ತಿದ. "ಅಮಾವಾಸಿ ಅಂತ ನಾನ ಬರದೀನಲ್ಲ, ಪೆಟಿಗಿಗೆ ಗೊತ್ತಿರತದ ಅನಕೊಂಡೆ" ಎಂದು ಆಮೇಲೆ ಹೇಳಿದ.

ಪೆಟ್ಟಿಗೆಗೆ ಗೊತ್ತಿದ್ದುದು ಸೋಮವಾರ. ಭಾನುವಾರ ಬೆಳಿಗ್ಗೆ ಆರಕ್ಕೆ ಸರಿಯಾಗಿ ಅದು ನೆಲ್ಲು ಮೇಲೆತ್ತುವ ಎಲಿವೇಟರ್ ಚಾಲೂ ಮಾಡಿತು, ತೊಟ್ಟಿಗೆ ನೆಲ್ಲು ಸುರಿಯಿತು, ನಾಲ್ಕು ತಾಸು ಎಣಿಸಿತು. ಹಬೆ ಬಿಡಲು ಹೋಯಿತು. ಒಲೆಗೆ ಹೊಟ್ಟು ಹಾಕುವ ಹೆಂಗಸರೆಲ್ಲ ಮನೆಯಲ್ಲಿ. ಹಬೆ ಎಲ್ಲಿಂದ ಬರಬೇಕು? ಹಬೆ ಬರುವ ತನಕ ಕಾಯಿ ಎಂದು ಚೀಟಿಯಲ್ಲಿತ್ತು. ಕಾಯುತ್ತ ಕೂತಿತು, ಪಾಪ, ಹೇಳಿದ ಮಾತು ಮೀರದ ಮಗುವಿನಂತೆ. ಕಾವಲುಗಾರ ಸದ್ದು ಕೇಳಿಸಿಕೊಂಡ. ಆದರೆ ಪೆಟ್ಟಿಗೆಗೆ ಕೈ ಹಚ್ಚಬಾರದೆಂದು ಸಾಹುಕಾರರ ಕಟ್ಟಪ್ಪಣೆ ಇತ್ತಲ್ಲ, ಬೇವಿನ ಗಿಡದ ಕೆಳಗೆ ಕೂತೇ ಇದ್ದ.

ಸೋಮವಾರ ಬೆಳಿಗ್ಗೆ ಯಮನೂರಪ್ಪನ ಫೋನು. "ಸಾಬ್ರ, ಲಗೂನ ಬರ್ರಿ. ನೆಲ್ಲೆಲ್ಲಾ ಹುಳಿ ಬಂದಾದ."

ನಾನು ವಿಶಾಖಾಳನ್ನು ಕರೆದುಕೊಂಡು ಮಾನ್ವಿ ಮುಟ್ಟಿದಾಗ ಬಾಗಿಲಲ್ಲೇ ವಾಸನೆ ಮುಖಕ್ಕೆ ಹೊಡೆಯಿತು. ಇನ್ನೂ ಚಂದದ ವಿಷಯ ಕೇಳಿ. ಲಾರಿಗಳು ಬಂದಿವೆ, ಹಮಾಲರು ಟವೆಲು ಸುತ್ತಿ ತಯಾರಾಗಿದ್ದಾರೆ, ಪೆಟ್ಟಿಗೆ ಮಾತ್ರ ಸುಮ್ಮನೆ ನಿಂತಿದೆ. ಯಾಕೆಂದರೆ ಅದಕ್ಕೆ ಅಂದು ಅಮಾವಾಸ್ಯೆ! ಜನ ಇಲ್ಲದ ದಿನ ಕೆಲಸ ಮಾಡಿತು, ಜನ ಇದ್ದ ದಿನ ರಜೆ ಮಾಡಿತು. ಹಮಾಲರು ಬಿದ್ದು ಬಿದ್ದು ನಗುತ್ತಿದ್ದರು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅಂತಾರೆ. ಇಲ್ಲಿ ಯಾರೂ ದೊಣ್ಣೆ ಬೀಸಿರಲೇ ಇಲ್ಲ. ಕಂಪೈಲರು ಒಂದಕ್ಷರ ತಪ್ಪಿರಲಿಲ್ಲ. ಮೂರು ಯಂತ್ರಗಳೂ ಒಂದೇ ಮಾತಿನ ಮೇಲೆ ನಿಂತಿದ್ದವು, ಆ ಮಾತೇ ಊರಿನದಾಗಿರಲಿಲ್ಲ.

ಮಾನಮ್ಮ ಕಸಬರಿಗೆ ಹಿಡಿದುಕೊಂಡೇ ಬಂದು ಮಗಳನ್ನು ಕೇಳಿದಳು. "ಯವ್ವಾ, ಅಮಾವಾಸಿ ಯಾವತ್ತಂತ ಮನ್ಯಾಗ ನನ್ನ ಒಂದ ಮಾತ ಕೇಳಬಾರದೇನ?"

ವಿಶಾಖಾ ಮಿಲ್ಲಿನ ಕೂಲಿಯವಳ ಮಗಳು. ಹುಟ್ಟಿದಾಗಿನಿಂದ ಅವ್ವನ ಅಮಾವಾಸ್ಯೆ ಒಂದು ತಿಂಗಳು ಒಂದು ದಿನ ಹಿಂದೆ, ಇನ್ನೊಂದು ತಿಂಗಳು ಒಂದು ದಿನ ಮುಂದೆ ಆಗುವುದನ್ನು ನೋಡಿದವಳು. ಅವಳೂ ಪಂಚಾಂಗ ನಂಬಿದಳು. ನಾನೇನು ಕಡಿಮೆಯೇ? ವರ್ಷ ವರ್ಷ ಈದ್ ಮಾಡುವವನು. ಕ್ಯಾಲೆಂಡರಿನಲ್ಲಿ ಕೆಂಪಕ್ಷರ ಇದ್ದರೂ ಚಂದ್ರ ಕಂಡ ಸುದ್ದಿ ಮಸೀದಿಯಿಂದ ಬರುವ ತನಕ ಶೀರ್‌ಖುರ್ಮಾಕ್ಕೆ ಹಾಲು ಕಾಯಿಸದ ಮನೆ ನಮ್ಮದು. ಕೇಳದೆ ಹಬ್ಬ ಆಗುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು?

ಸಾಹುಕಾರರ ಕಾರು ಬಂತು. ತೊಟ್ಟಿಯ ಹತ್ತಿರ ಹೋಗಿ ಮೂಗು ಮುಚ್ಚಿಕೊಂಡು ಬಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ವಾಸಿಯಿತ್ತು.

"ಇದು ಯಾರ ತಪ್ಪು?" ಎಂದರು.

ಯಮನೂರಪ್ಪ ನನ್ನ ಕಡೆ ನೋಡಿದ. ನಾನು ಪೆಟ್ಟಿಗೆಯ ಬಾಗಿಲು ತೆಗೆದು, ಬಿಗಿಯಾಗಿಯೇ ಇದ್ದ ಒಂದು ಸ್ಕ್ರೂವನ್ನು ಮತ್ತೆ ಬಿಗಿ ಮಾಡತೊಡಗಿದೆ.

"ನಂದು ಸರ್" ಎಂದಳು ವಿಶಾಖಾ. "ಅಮಾವಾಸಿ ಯಂತ್ರಕ್ಕ ಗೊತ್ತಾಗತದ ಅಂತ ನಾನ ಹಿಡಿದಿದ್ದೆ."

ಬಾಯಿ ತೆರೆದು ಒಂದು ಮಾತು, "ಅಲ್ಲ, ಕೇಳು ಅನ್ನೋದನ್ನ ನಾನು ತೆಗೆಸಿದೆ" ಎನ್ನಬಹುದಿತ್ತು. ಅನ್ನಲಿಲ್ಲ. ನಾಲಗೆ ಬಿದ್ದುಹೋಗಿತ್ತೇ? ಬಿದ್ದಿರಲಿಲ್ಲ. ಆ ಮೂರು ಮಿಲ್ಲಿನ ಮೋಟರು, ವೈರು, ರಿಪೇರಿ ಎಲ್ಲ ನನ್ನದೇ, ಅರ್ಧ ಅಂಗಡಿ ಅದರ ಮೇಲೇ ನಡೆಯುವುದು. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಅವತ್ತಿನ ನನ್ನ ಮೌನ ತುಕ್ಕು ಹಿಡಿದ ತಗಡು.

ಹದಿನೈದು ದಿನದಲ್ಲಿ ಡಬ್ಬಿಗಳು ಬಂದವು. ಮಾನ್ವಿಯ ಹಳೆಯ ಪೆಟ್ಟಿಗೆಯನ್ನು ಕಳಚುವ ಕೆಲಸ ನನಗೇ ಕೊಟ್ಟರು. ಕಳಚುತ್ತ ಸೈರನ್ನಿನ ವೈರಿಗೆ ಕೈ ಹಾಕಿದವನು ಹಾಗೆಯೇ ಕೂತೆ. ಅರೇ! ಸೈರನ್ನು ಮೂರು ಸಲ ಕೂಗಿದರೆ ಪೆಟ್ಟಿಗೆ ಕೇಳುತ್ತಿದೆ ಎಂದರ್ಥ. ಹಸಿರು ಗುಂಡಿ ಒತ್ತಿದರೆ ಹೂಂ, ಕೆಂಪು ಒತ್ತಿದರೆ ಇಲ್ಲ. ಯಾರೂ ಒತ್ತದಿದ್ದರೆ ಮಿಲ್ಲಲ್ಲಿ ಜನ ಇಲ್ಲ, ಸುಮ್ಮನಿರು. ಬಾಯಿಲ್ಲ ಎಂದು ಬೈದೆನಲ್ಲ, ಮಿಲ್ಲಿನ ಆಚೆ ಎರಡು ಓಣಿಗೆ ಕೇಳುವಂಥ ಬಾಯಿ ಅದಕ್ಕಿತ್ತು. ಕೂಡಿಸಿದವನೂ ನಾನೇ.

ಸಂಜೆಗೆ ವಿಶಾಖಾಳನ್ನು ಅಂಗಡಿಗೆ ಕರೆಸಿದೆ. ಆಗ ಅವಳು ಒಂದು ಕಾಲೇಜಿನಲ್ಲಿ ಪಾಠ ಹೇಳಲು ಹೋಗುತ್ತಿದ್ದಳು. ನಾನು ಸೈರನ್ನಿನ ಮಾತು ಹೇಳುತ್ತ ಹೋದೆ, ಅವಳು ಲ್ಯಾಪ್‌ಟಾಪ್ ತೆರೆದು ನನ್ನ ಕಡೆ ತಿರುಗಿಸಿದಳು. ಮಾನ್ವಿಯ ಪೆಟ್ಟಿಗೆಗೆ "ಕೇಳು" ಎಂಬುದನ್ನು ಹೇಗೆ ಹೇಳಬೇಕೆಂದು ಬರೆದ ಭಾಗ. ಸೈರನ್ನು ಮೂರು ಸಲ, ಹಸಿರು, ಕೆಂಪು, ಯಾರೂ ಒತ್ತದಿದ್ದರೆ ಏನು ಎಂಬುದೂ ಸೇರಿ. ತಾರೀಖು ನೋಡಿದೆ. ಪಂದ್ಯಕ್ಕೆ ಹತ್ತೊಂಬತ್ತು ದಿನ ಮೊದಲಿನದು.

"ನಿಮಗ ಕಾಗದದ ಮ್ಯಾಲ ತೋರಸಾಕ ಬಂದಿದ್ದೆ ಚಾಚಾ. ನೀವು ತೆಗಿ ಅಂದ್ರಿ. ತೆಗದೆ."

"ತೌಬಾ! ಆಮ್ಯಾಲೆ ಯಾಕ ಹೇಳಲಿಲ್ಲ ಬೇ? ಕಪಾಳಕ್ಕ ಹೊಡದು ಹೇಳಬೇಕಿತ್ತು!"

"ನಿಮ್ಮ ಪೆಟಿಗಿ ನಿಮಗ ಗೊತ್ತು ಅನಕೊಂಡೆ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಚಹಾ ತರಿಸುವ ನೆಪದಲ್ಲಿ ಗಲ್ಲಿಯ ತುದಿಯಲ್ಲಿ ನಿಂತು ಬಂದೆ.

ಡಬ್ಬಿಯಲ್ಲಿ ಅಮಾವಾಸ್ಯೆ ಎಂಬುದೇ ಇರಲಿಲ್ಲ. ಮೊದಲ ಅಮಾವಾಸ್ಯೆಗೆ ಮೂರೂ ಊರಲ್ಲಿ ಅದು ಜನವಿಲ್ಲದೆ ನೆಲ್ಲು ನೆನೆಹಾಕಿತು, ಮೂರೂ ಊರಲ್ಲಿ ಹುಳಿ ಬಂತು. ಕಂಪನಿಗೆ ಫೋನು ಮಾಡಿದರೆ, ಅರ್ಜಿ ಕಳಿಸಿ, ಮುಂದಿನ ಬದಲಾವಣೆಯಲ್ಲಿ ನೋಡುತ್ತೇವೆ ಎಂದರು. ಮುಂದಿನದು ಯಾವಾಗ? ಗೊತ್ತಿಲ್ಲ. ಸಾಹುಕಾರರು ನಾಲ್ಕು ದಿನ ಯೋಚಿಸಿ ಗೋಡೆಗೆ ಕಾಗದ ಅಂಟಿಸಿದರು. ಇನ್ನು ಮೇಲೆ ಅಮಾವಾಸ್ಯೆ ರಜೆ ಇಲ್ಲ, ಬೇಕಾದವರು ಪಾಳಿಯ ಮೇಲೆ ಒಬ್ಬೊಬ್ಬರಾಗಿ ಬೇರೆ ದಿನ ತೆಗೆದುಕೊಳ್ಳಬೇಕು. ಡಬ್ಬಿ ಬದಲಾಗುವುದಿಲ್ಲ, ಅದಕ್ಕೆ ಜನ ಬದಲಾಗಬೇಕು. ಹಮಾಲರು ಎರಡು ದಿನ ಹೊರಗೆ ಕೂತರು. ದೇವದುರ್ಗದವರು ಮೊದಲು ಒಳಗೆ ಹೋದರು, ರಾಯಚೂರಿನವರು ಆಮೇಲೆ, ಕೊನೆಗೆ ಮಾನ್ವಿಯವರು.

ಯಮನೂರಪ್ಪ ಒಳಗೆ ಹೋಗಲಿಲ್ಲ. "ಈ ಡಬ್ಬಿ ಕಾಯೋದಕಿಂತ ಕುರಿ ಕಾಯೋದು ಚಲೋ ಸಾಬ್ರ. ಕುರಿ ಮಾತರ ಕೇಳ್ತಾವ" ಎಂದು ಗಬ್ಬೂರಿಗೆ ಹೋದ. ನಗಿಸಲೆಂದೇ ಹೇಳಿದ. ಬಸ್ಸು ಹತ್ತುವಾಗ ನನ್ನ ಕೈ ಬಿಡಲಿಲ್ಲ, ಕಂಡಕ್ಟರ್ ಬೈದ ಮೇಲೆ ಬಿಟ್ಟ.

ಹೋದ ತಿಂಗಳ ಅಮಾವಾಸ್ಯೆಯ ದಿನ ಮೋಟರ್ ನೋಡಲು ಮಾನ್ವಿಗೆ ಹೋಗಿದ್ದೆ. ಬೆಳಗಿನ ಎಂಟು ಗಂಟೆ. ಮಾನಮ್ಮ ಒಲೆಯ ಬಾಯಿಗೆ ಬುಟ್ಟಿಯಿಂದ ಹೊಟ್ಟು ಸುರಿಯುತ್ತಿದ್ದಳು. ತಲೆಗೆ ಬಟ್ಟೆ, ರೆಪ್ಪೆಯ ಮೇಲೆಲ್ಲ ಧೂಳು. ಮೋಟರ್ ನೋಡುವುದು ಬಿಟ್ಟು ಅವಳ ಹತ್ತಿರ ಹೋದೆ. ಮೂರು ತಿಂಗಳಿಂದ ಎದೆಯಲ್ಲಿ ಕಲ್ಲು ಹೊತ್ತು ತಿರುಗುತ್ತಿದ್ದೆ, ಇನ್ನು ಆಗಲಿಲ್ಲ.

"ಮಾನಮ್ಮ, ಒಂದ ಮಾತು ಹೇಳಬೇಕಾಗ್ಯದ. ಆ ತಪ್ಪು ನಿನ್ನ ಮಗಳದಲ್ಲ. ಆಕಿ ಭಾಷಾದಾಗ ಕೇಳು ಅಂತಿತ್ತು. ಬೈದು ತೆಗಿಸಿದವನು ನಾನು. ಅವತ್ತು ಸಾಹುಕಾರ್ರ ಮುಂದ ಬಾಯಿ ಮುಚಕೊಂಡು ನಿಂತವನೂ ನಾನ."

ಅವಳು ಬುಟ್ಟಿ ಕೆಳಗಿಟ್ಟಳು. "ಗೊತ್ತದ್ರಿ."

"ಗೊತ್ತದ?"

"ಅವತ್ತ ಸಂಜಿಕೆ ಮನಿಗೆ ಬಂದು ಎಲ್ಲಾ ಹೇಳಿದಳು. ನಾ ಎದ್ದು ಸಾಹುಕಾರ್ರ ಹಂತೇಕ ಹೊಂಟಿದ್ದೆ. ಆಕಿನ ಕೈ ಹಿಡದಳು. ಬ್ಯಾಡ ಯವ್ವಾ, ಚಾಚಾನ ಅಂಗಡಿ ಈ ಮಿಲ್ಲಿನ ಮ್ಯಾಲ ನಡೀತದ, ನೀ ಹೇಳಬ್ಯಾಡ, ಅವರ ಹೇಳ್ತಾರ ಅಂದಳು." ಸೆರಗಿನಿಂದ ಮುಖ ಒರೆಸಿಕೊಂಡು ಮಾನಮ್ಮ ಬುಟ್ಟಿ ಎತ್ತಿಕೊಂಡಳು. "ನೀವ ಹೇಳ್ತೀರಂತ ಇನ್ನಾ ಕಾಯಾಕತ್ತಾಳ್ರಿ."

ನಾನು ಅಲ್ಲಿಂದ ನೇರವಾಗಿ ಸಾಹುಕಾರರ ಆಫೀಸಿಗೆ ಹೋದೆ. ಕೂತುಕೊಳ್ಳಿ ಎಂದರು, ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. "ಕೇಳು" ಎಂಬ ಮಾತು, ನನ್ನ ಬೈಗುಳ, ಸೈರನ್ನು, ಲ್ಯಾಪ್‌ಟಾಪಿನ ತಾರೀಖು, ಒಂದನ್ನೂ ಬಿಡಲಿಲ್ಲ. ನಿಮ್ಮ ಕೆಲಸ ಇವತ್ತಿನಿಂದ ನನಗೆ ಕೊಡದಿದ್ದರೂ ಸರಿ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ಅವತ್ತ ಹೇಳಿದ್ರ ಆ ಹುಡುಗಿಗೆ ಇನ್ನೊಂದ ವಾರ ಕೊಡ್ತಿದ್ದೆನಲ್ಲರೀ ಸಾಬ್ರ" ಎಂದರು.